ಹಾಜರಿ

ಚಿಲಿಯ ತೆಂಕಣ ತುದಿಯಲ್ಲಿ, ನೆಲ ಹರಿದು ಚೂರಾಗುವಲ್ಲಿ
ಒಂದು ದ್ವೀಪ. ದ್ವೀಪಕ್ಕೊಂದು ಊರು.
ಊರಿಗೊಂದು ಬೆಂಕಿ ಆರಿಸುವ ಸಂಘ.
ಸಂಬಳ ಯಾರಿಗೂ ಇಲ್ಲ, ಬೂಟೂ ಸ್ವಂತದ್ದೇ.

ನನ್ನನ್ನು ಕಳಿಸಿದ್ದು ಆರು ತಿಂಗಳಿಗೆ:
"ಹೋಗಿ ನೋಡಮ್ಮ, ಉಸಿರಿದ್ದರೆ ಎಬ್ಬಿಸು,
ಇಲ್ಲದಿದ್ದರೆ ಶೆಡ್ಡಿನ ಬೀಗದ ಕೈ ತಂದುಬಿಡು."
ದೋಣಿಯಿಂದಿಳಿದಾಗ ನನ್ನ ಚೀಲದಲ್ಲಿ
ನಲವತ್ತು ಪ್ರಶ್ನೆಯ ನಮೂನೆ, ಒಂದು ಸೀಟಿ,
ಇಂಥ ಎಷ್ಟು ಸಂಘ ಕಂಡಿಲ್ಲ ಎಂಬ ಸಣ್ಣ ಸೊಕ್ಕು.

ಮಂಗಳವಾರ ರಾತ್ರಿ ಎಂಟು.
ಇಪ್ಪತ್ತು ಜನರ ಬೆಂಚಿನ ಮೇಲೆ ನಾಲ್ವರು,
ನಡುವೆ ಜಾಗ ಬಿಟ್ಟು ಬಿಟ್ಟು,
ಹಲ್ಲುದುರಿದ ಬಾಯಿಯ ಹಾಗೆ.

ಕಾರ್ಯದರ್ಶಿ ರೊಸಾಲ್ಬಾ ಪುಸ್ತಕ ತೆರೆದಳು.
ಮೊದಲು ಸತ್ತವರ ಹಾಜರಿ. ಅದು ಪದ್ಧತಿ.
"ಫೆರ್ಮಿನ್ ರೆಮೊಲ್ಕೊಯ್, ಗಿರಣಿಯ ಬೆಂಕಿ."
"ಹಾಜರ್!" ನಾಲ್ಕು ಗಂಟಲು, ಒಂದೇ ಕೂಗು.
"ಎಲಿಯಾಸ್ ಬಾರಿಯಾ, ಗೋದಾಮಿನ ಸೂರು."
"ಹಾಜರ್!"
ಏಳು ಮಂದಿ. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ.
ಆಮೇಲೆ ಬದುಕಿರುವವರದು, ಹದಿನೆಂಟು ಹೆಸರು.
ಹದಿನಾಲ್ಕಕ್ಕೆ ತಗಡಿನ ಮೇಲಿನ ಗಾಳಿಯೇ ಓಗೊಟ್ಟಿತು.

ಉಳಿದ ನಾಲ್ವರಲ್ಲೂ
ನಾಯಕ ಓಸ್ವಾಲ್ದೊ ಏರಿಗೆ ಎಳೆದರೆ
ಖಜಾಂಚಿ ನಿಬಾಲ್ದೊ ನೀರಿಗೆ.
ಹನ್ನೊಂದು ವರ್ಷದ ಕೆಳಗೆ,
ಹಣ ಕೂಡಿಸಲೆಂದು ಇಟ್ಟ ಊಟದ ದಿನ
ಮೂರು ಚೀಲ ಆಲೂಗಡ್ಡೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ನಮೂನೆ ಹಂಚಿದೆ. ಅದರ ಬೆನ್ನ ಮೇಲೆ
ನಿಬಾಲ್ದೊ ಸೌದೆಯ ಲೆಕ್ಕ ಬರೆದ.
ಸೀಟಿ ಊದಿದೆ. ನಾಯಿ ಬಂತು.

ಕೊನೆಗೆ ಹದಿನಾಲ್ಕು ಹೆಸರು ಚೀಟಿಯಲ್ಲಿ ಬರೆದುಕೊಂಡು
ಕೆಸರಲ್ಲಿ ಬಾಗಿಲು ಬಾಗಿಲು ಅಲೆದೆ.
ಮೀನಿನ ಕಾರ್ಖಾನೆಯ ಮಿರ್ತಾ ಅಂದಳು:
"ಮಂಗಳವಾರ ನನಗೆ ರಾತ್ರಿಪಾಳಿ.
ನಾಲ್ಕು ವರ್ಷದಿಂದ. ಯಾರು ಕೇಳಿದರು?"
ಮೀಸೆ ಇನ್ನೂ ಗಟ್ಟಿಯಾಗದ ಜೊಯೆಲ್:
"ಮೂರು ಸಲ ಬಂದೆ, ಮೂರು ಸಲವೂ ನೆಲ ಒರೆಸಿದೆ.
ಪೈಪು ಮುಟ್ಟಿದರೆ ಕೈಗೆ ಹೊಡೆದರು."
ಮುದುಕ ಆರ್ತೆಮಿಯೊ ಏನೂ ಹೇಳಲಿಲ್ಲ,
ಬಿಸಿ ರೊಟ್ಟಿ ಮುರಿದು ಕೊಟ್ಟ.
ಬಾಗಿಲ ಹಿಂದೆ ಅವನ ಶಿರಸ್ತ್ರಾಣ
ಮುಖ ಕಾಣುವಷ್ಟು ಹೊಳೆಯುತ್ತಿತ್ತು.
ಬಿಟ್ಟವನು ಹೀಗೆ ತಿಕ್ಕಿಡುತ್ತಾನೆಯೇ?

ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಮರುವಾರ ಕೇಳಿದ್ದು ಒಂದೇ:
ಹಾಜರಿ ಬದುಕಿರುವವರಿಂದ ಶುರುವಾಗಲಿ.
ರೊಸಾಲ್ಬಾ ಪೆನ್ನು ಕೆಳಗಿಟ್ಟಳು:
"ಅಂದರೆ, ಸತ್ತವರನ್ನು ಕಾಯಿಸುವುದೇ?"
ಯಾರೂ ಮಿಸುಕಲಿಲ್ಲ. ಒಲೆ ಚಟಗುಟ್ಟಿತು.
"ಅವರಿಗೇನು ಅವಸರ" ಎಂದ ನಿಬಾಲ್ದೊ,
ಯಾರಿಗೂ ಅಲ್ಲವೆಂಬಂತೆ, ಕೆಮ್ಮಿನ ನಡುವೆ.

ಓಸ್ವಾಲ್ದೊ ನಕ್ಕ. ತಡೆಯಲು ನೋಡಿದ, ಆಗಲಿಲ್ಲ.
ಹನ್ನೊಂದು ವರ್ಷದ ತುಕ್ಕು ಕಿರುಗುಟ್ಟಿ ತೆರೆದ ಹಾಗಿತ್ತು ಆ ನಗು.

ಸಭೆ ಭಾನುವಾರಕ್ಕೆ ಬಂತು.
ಪೈಪಿನ ಮೂತಿ ಜೊಯೆಲನ ಕೈಗೆ ಬಂತು;
ಮೊದಲ ದಿನ ಪಾದ್ರಿಯನ್ನೇ ತೋಯಿಸಿದ.
ನಾಲ್ಕು ಏಳಾಯಿತು, ಏಳು ಆರಾಯಿತು,
ಮತ್ತೆ ಹೇಗೋ ಒಂಬತ್ತು.

ಆಗಸ್ಟಿನಲ್ಲಿ ಒಂದು ಅಡುಗೆಮನೆಗೆ ಬೆಂಕಿ.
ಪಂಪು ಕೈಕೊಟ್ಟಿತು. ಬಕೆಟ್ಟು ಸಾಗಿಸಿದರು,
ಓಸ್ವಾಲ್ದೊನಿಂದ ನಿಬಾಲ್ದೊಗೆ, ನಿಬಾಲ್ದೊನಿಂದ ಮಿರ್ತಾಗೆ.
ಅರ್ಧ ಅಡುಗೆಮನೆ ಹೋಯಿತು, ಮನೆ ಉಳಿಯಿತು.
ಗೆದ್ದೆವೆಂದು ಯಾರೂ ಕೂಗಲಿಲ್ಲ.
ಮಸಿ ಮುಖದಲ್ಲಿ ನಿಂತು ತಲೆ ಎಣಿಸಿಕೊಂಡರು,
ಸತ್ತವರ ಪಟ್ಟಿಗೆ ಹೊಸ ಹೆಸರಿಲ್ಲ.

ಬೀಗದ ಕೈ ಅಲ್ಲೇ, ಮೊಳೆಗೆ ನೇತಾಡುತ್ತಿದೆ.
ನಾನು ತಂದದ್ದು ಕೊನೆಯ ಸಭೆಯ ನಡಾವಳಿ,
ರೊಸಾಲ್ಬಾಳ ದುಂಡನೆಯ ಅಕ್ಷರದಲ್ಲಿ:
ಹಾಜರು ಹನ್ನೊಂದು, ಮತ್ತು ಏಳು.
ಪಂಪಿನ ದುರಸ್ತಿಗೆ ಊರೂಟ ಇಡುವುದೆಂದು ತೀರ್ಮಾನ.
ಆಲೂಗಡ್ಡೆ ಎಣಿಸಲು ಇಬ್ಬರು, ನಿಬಾಲ್ದೊ, ಓಸ್ವಾಲ್ದೊ.
ಹಳೆಯ ಮೂರು ಚೀಲದ ವಿಷಯ
ಮುಂದಿನ ಸಭೆಗೆ ಮುಂದೂಡಲಾಗಿದೆ.