ಎರಡೇ ಅಕ್ಷರ

ಹಿಮೆ ನದಿ ಕಡಲು ಸೇರುವಲ್ಲಿ
ತೊಮೆಯ ಮನೆ.
ತೀರಿಹೋದ ಗಂಡನ ದಿನಚರಿ, ಕೊನೆಯ ಸಾಲು:
‘ಇಂದು ಬೆಳಗ್ಗೆ ಕಂಡೆ’,
ಮುಂದೆ ಎರಡೇ ಅಕ್ಷರ.

ಮಿಂಚುಳ್ಳಿ ಎಂದೂ ಓದಬಹುದು,
ಈ ದಂಡೆಯಲ್ಲಿ ಜನ ಬಗ್ಗಿ ಬಗ್ಗಿ ಹುಡುಕುವ
ಹಸಿರು ಕಲ್ಲೆಂದೂ.

ಕಲ್ಲಾದರೆ ಎಲ್ಲಿಟ್ಟ?
ಕೋಟಿನ ಜೇಬು ಕೊಡವಿದಳು: ಮರಳು,
ಬಸ್ಸಿನ ಚೀಟಿ, ತುಕ್ಕಿನ ಗಾಳ.
ಹಕ್ಕಿಯಾದರೆ,
ದಿನಾ ಕಾಣುವುದನ್ನು ಬರೆದಿಡುವ ಆಳಲ್ಲ ಕಿಚಿಜೊ.
ಉಬ್ಬರ, ಇಳಿತ, ಮೀನಿನ ತೂಕ, ಅಷ್ಟೇ.

ಮೇಷ್ಟ್ರು ಹಳೆಯ ನಿಘಂಟು ತಂದರು,
ಕನ್ನಡಕ ಒರೆಸಿಕೊಂಡರು:
‘ಇನ್ನೊಂದರ್ಥ ಇದೆ, ಈಗ ಯಾರೂ ಬಳಸುವುದಿಲ್ಲ.
ಹೆಣ್ಣಿನ ನೀಳ, ಹೊಳೆವ ಕಪ್ಪು ಕೂದಲು.’

ತೊಮೆ ಬಗ್ಗಿಸುತ್ತಿದ್ದ ಚಹಾ
ಬಟ್ಟಲು ತುಂಬಿ ಚೆಲ್ಲಿತು.
ಆ ಬೆಳಗ್ಗೆ ತಲೆ ಮಿಂದು
ಹೊಳೆಗೆ ಬೆನ್ನು ಮಾಡಿ
ಬಿಸಿಲಿಗೆ ಕೂತಿದ್ದಳು.
ಕೂದಲು ಆಗಲೇ ಪೂರಾ ಬೆಳ್ಳಗೆ.