ಮುಂದಿನ ಅಂಗಡಿ

ಹನ್ನೊಂದು ವರ್ಷ ತಕ್ಕಡಿಯ ಹಿಂದೆ ನಿಂತವನು ನಾನು,
ಸಾನ್ ಗಿಲ್ಬೆರ್ತೊ ಪೆಟ್ಲುಪ್ಪಿನ ಗಣಿಯಲ್ಲಿ.
ಅಟಕಾಮದ ಆ ಬಿಳಿ ಬಯಲಿಗೆ
ಹಕ್ಕಿ ಬಂದರೂ ದಾರಿ ತಪ್ಪಿಯೇ ಬರಬೇಕು.
ಅಂಗಡಿ ಒಂದೇ, ಕಂಪನಿಯದು.
ನೀರು ಅಲ್ಲೇ, ಹುರುಳಿ ಅಲ್ಲೇ,
ಹೆಣಕ್ಕೆ ಹೊದಿಸುವ ಬಟ್ಟೆಯೂ ಅಲ್ಲೇ.

ಕೂಲಿ ಬಿಲ್ಲೆಯಲ್ಲಿ.
ಕರೀ ರಬ್ಬರಿನ ದುಂಡನೆ ಬಿಲ್ಲೆ, ನಡುವೆ ತೂತು;
ದಾರಕ್ಕೆ ಪೋಣಿಸಿ ಹೆಂಗಸರು ಕೊರಳಿಗೆ ಹಾಕಿಕೊಳ್ಳುತ್ತಿದ್ದರು.
ಬೇಲಿ ದಾಟಿದರೆ ಅದು ಅಂಗಿಯ ಗುಂಡಿಗೂ ಸಮವಲ್ಲ
ಎಂದು ತೋರಿಸಲು ಎಲ್ಯುತೇರಿಯೊ
ನಿಜವಾಗಿಯೂ ಎರಡನ್ನು ಅಂಗಿಗೆ ಹೊಲಿದುಕೊಂಡ.
ಕಂಪನಿ ದಂಡ ಹಾಕಿತು: ಎರಡು ಬಿಲ್ಲೆ.
ಎದೆಯಿಂದ ಕಿತ್ತು ಮೇಜಿನ ಮೇಲಿಟ್ಟು
ಅಂಗಿ ತೆರೆದೇ ಹೋದ.

ನಾನು ಮೋಸಗಾರನಲ್ಲ ಅಂದುಕೊಂಡಿದ್ದೆ.
ಮೋಸಕ್ಕೆ ಎರಡು ತಕ್ಕಡಿ ಬೇಕು,
ಒಂದು ಇದು,
ಇನ್ನೊಂದು, ಇದು ಸುಳ್ಳು ಎನ್ನುವುದು.
ಎಂಟುನೂರು ಗ್ರಾಮನ್ನು ಊರಿಗೆ ಊರೇ ಕಿಲೋ ಎಂದು ಕರೆದು
ಮಕ್ಕಳು ಅಷ್ಟನ್ನೇ ಕಿಲೋ ಎಂದು ಹೊತ್ತು ಬೆಳೆದರೆ
ಉಳಿದ ಇನ್ನೂರು
ಯಾವ ಕೋರ್ಟಿಗೆ ಬಂದು ಸಾಕ್ಷಿ ನುಡಿದೀತು?

ಒಮ್ಮೆ ಬೆಟ್ಟದ ಕಡೆಯಿಂದ ಒಬ್ಬಳು ಇಳಿದು ಬಂದಳು,
ಸೆಬಾಸ್ತಿಯಾನಾ ಚೋಕೆ.
ಮೂರು ಹೇಸರಗತ್ತೆ, ಒಣಗಿಸಿದ ಆಲೂಗಡ್ಡೆ,
ಉಪ್ಪು ಹಚ್ಚಿದ ಮಾಂಸದ ಪಟ್ಟಿಗಳು.
ಸ್ಮಶಾನದ ಗೋಡೆಯ ಹಿಂದೆ, ಕಂದೀಲೂ ಇಲ್ಲದೆ, ರಾತ್ರಿ ವ್ಯಾಪಾರ.
ಬಿಲ್ಲೆ ಅವಳಿಗೆ ಬೇಡ;
ಕತ್ತರಿ ಕೊಟ್ಟರು, ಉಂಗುರ ಕೊಟ್ಟರು, ನಿಂತ ಗಡಿಯಾರ ಕೊಟ್ಟರು.
ಅವಳ ಬಳಿ ತಕ್ಕಡಿ ಇರಲಿಲ್ಲ.
ಕೈಯಲ್ಲೆತ್ತಿ ನೋಡುವಳು, ಒಂದು ಗಳಿಗೆ ಯೋಚಿಸುವಳು,
ಮೇಲೊಂದು ಹಿಡಿ ಹಾಕುವಳು.

ಮೂರನೆಯ ಬೆಳಿಗ್ಗೆ ಮ್ಯಾನೇಜರು ಬಂದು
ನನ್ನ ಕಿವಿಯ ಹತ್ತಿರ ಬಗ್ಗಿ
“ಇವತ್ತಿನಿಂದ ಸರಿಯಾಗಿ ತೂಗು” ಎಂದ.
ಅಷ್ಟೇ. ರಿಪೇರಿಯವನು ಬರಲಿಲ್ಲ, ತೂಕದ ಕಲ್ಲು ಬದಲಾಗಲಿಲ್ಲ.
ನನ್ನ ಹೆಬ್ಬೆರಳನ್ನು ಜೇಬಿಗಿಳಿಸಿದೆ.
ಎಲ್ಯುತೇರಿಯೊನ ಮಗಳು ಹಿಟ್ಟಿನ ಚೀಲ ಎತ್ತಿ ಒಂದು ಕಡೆ ವಾಲಿದಳು.
ಬಾಗಿಲವರೆಗೆ ಹೋಗಿ ಮರಳಿ ಬಂದಳು:
“ತಪ್ಪಾಗಿದೆ ಮಾವ, ಜಾಸ್ತಿ ಬಂದಿದೆ.”

ಒಂಬತ್ತು ದಿನ.

ಹತ್ತನೆಯ ರಾತ್ರಿ ಕಾವಲಿನವರು ಗೋಡೆಯ ಹಿಂದೆ ಹೋದರು.
ಕತ್ತೆಗಳು ಕಂಪನಿಯ ಲಾಯಕ್ಕೆ,
ಮಾಂಸ ನಮ್ಮ ಅಂಗಡಿಗೆ. ನಾನೇ ಕೊಕ್ಕೆಗೆ ಸಿಕ್ಕಿಸಿದೆ,
ನಾನೇ ತೂಗಿ ಮಾರಿದೆ, ಮೊದಲೇ ಕೊಂಡಿದ್ದವರಿಗೇ.
ಅವಳೇನಾದಳು, ಯಾರೂ ಕೇಳಲಿಲ್ಲ. ನಾನೂ.
ಹೆಬ್ಬೆರಳು ತನ್ನ ಹಳೆಯ ಜಾಗವನ್ನು
ಕುರುಡು ಕರು ಕೆಚ್ಚಲು ಹುಡುಕುವಂತೆ
ತಾನೇ ಹುಡುಕಿಕೊಂಡಿತು.

ಈಗ ಇಕೀಕೆಯಲ್ಲಿದ್ದೇನೆ, ಗಣಿ ಮುಚ್ಚಿ ಬಹಳ ಕಾಲವಾಯಿತು.
ಬಂದರಿನ ಸಂತೆಯಲ್ಲಿ ಈರುಳ್ಳಿಯವರೇ ಏಳು ಮಂದಿ.
ಮೊದಮೊದಲು ಅವರ ಕೂಗಿಗೇ ತಲೆ ಸುತ್ತಿ
ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದೆ.
ಚೌಕಾಸಿ ನನಗೆ ಬಾರದು;
ಈಜು ಕಲಿಯದ ಬೆಸ್ತನಂತೆ
ಇಷ್ಟು ವರ್ಷ ದಡದಲ್ಲೇ ಬಲೆ ಹಿಡಿದವನು.

ಮೊನ್ನೆ ಧೈರ್ಯ ಮಾಡಿ, ದನಿ ನಡುಗುತ್ತಿರಲು,
ಒಬ್ಬಳ ಮುಂದೆ ನಿಂತು “ಜಾಸ್ತಿಯಾಯ್ತು” ಎಂದೆ.
ಅವಳು ತಲೆಯೆತ್ತಲಿಲ್ಲ.
ಮಡಿಲ ಸಿಪ್ಪೆ ಕೊಡವುತ್ತ ಗದರಿದಳು:
“ಆಗದಿದ್ದರೆ ಮುಂದಿನ ಅಂಗಡಿಗೆ ಹೋಗಯ್ಯ!”

ಹಿಂದಿದ್ದವರು ನೂಕುತ್ತಿದ್ದರು.
ನಾನು ಅಲುಗಲಿಲ್ಲ.
ಅವಳ ಬಾಯಲ್ಲಿ ಆ ಮಾತು ಇನ್ನೊಮ್ಮೆ ಬರಲೆಂದು
ಮತ್ತೆ ಹೇಳಿದೆ,
ಜಾಸ್ತಿಯಾಯ್ತು.