ರಾತ್ರಿ ಪಾಳಿ, ರುವೈಸ್

ಪೈಪಿನ ಬೆಸುಗೆಯೊಳಗೆ ಬಿರುಕಿದೆಯೋ ಇಲ್ಲವೋ
ನೋಡಿ ಹೇಳುವುದು ನನ್ನ ಕೆಲಸ.
ದಪ್ಪ ಡಬ್ಬಿಯಲ್ಲಿ ಇರಿಡಿಯಂ,
ಸಾಸಿವೆಗಿಂತ ತುಸು ದೊಡ್ಡದು.
ಎಪ್ಪತ್ತನಾಲ್ಕು ದಿನಕ್ಕೆ ಅರ್ಧ ಸವೆಯುತ್ತದೆ;
ಯಾವ ಪರಮಾಣು ಇವತ್ತು, ಯಾವುದು ನಾಳೆ,
ಅದು ದೇವರ ಕಡತದಲ್ಲೂ ಇಲ್ಲವಂತೆ.

ಹಾಗೆಂದವರು ಕುಂದಾಪುರದ ಪಿಯುಸಿ ಮೇಷ್ಟ್ರು.
ಬೋರ್ಡಿನ ಮೇಲೊಂದು ಪೆಟ್ಟಿಗೆ, ಒಳಗೆ ಬೆಕ್ಕು,
ವಿಷದ ಸೀಸೆ, ಸುತ್ತಿಗೆ.
ಮುಚ್ಚಳ ತೆಗೆಯುವ ತನಕ
ಸತ್ತೂ ಇದೆ, ಬದುಕಿಯೂ ಇದೆ.
ಹಿಂದಿನ ಬೆಂಚಿನಿಂದ ನಾನು:
'ಬೆಕ್ಕಿಗಾದರೂ ಗೊತ್ತಿರುವುದಿಲ್ಲವೆ ಸಾರ್?'
ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ,
ಡಸ್ಟರಿನಿಂದ ಬೆಕ್ಕನ್ನೇ ಒರೆಸಿದರು.

ಫೆಬ್ರವರಿ. ಶಮಾಲ್ ಗಾಳಿ.
ಹಳದಿ ಟೇಪು ಕಟ್ಟಿ, ಕೆಂಪು ದೀಪ ಹಚ್ಚಿ,
ಹ್ಯಾಂಡಲು ತಿರುಗಿಸಿ
ಇರಿಡಿಯಂ ಹೊರಗೆ ಬಿಟ್ಟಾಗಿತ್ತು.
ಮೂರು ನಿಮಿಷ.
ಆಗ ಪೈಪಿನ ಬಾಯೊಳಕ್ಕೆ ಏನೋ ನುಗ್ಗಿತು:
ಮೆಸ್ಸಿನ ಹಿಂದಿನ ಬೂದು ಬೆಕ್ಕಿನ ಬಾಲವೋ,
ಗಾಳಿ ಉರುಳಿಸಿದ ಪ್ಲಾಸ್ಟಿಕ್ ಚೀಲವೋ.
ಕೈ ಹ್ಯಾಂಡಲಿನ ಮೇಲೇ ಇತ್ತು.
ವಾಪಸು ತಿರುಗಿಸಿದರೆ ಫಿಲ್ಮು ಹಾಳು,
ಬೆಳಗಾಗುವುದರೊಳಗೆ ಇನ್ನೂ ಹದಿನಾರು ಬೆಸುಗೆ.
ತಿರುಗಿಸಲಿಲ್ಲ.
ಮೀಟರು ಕಟಕಟ ಎನ್ನುತ್ತಿತ್ತು,
ಕತ್ತಲಲ್ಲಿ ಯಾರೋ ಹುರಿಗಡಲೆ ತಿನ್ನುವ ಹಾಗೆ.

ಪೈಪಿನ ಆ ತುದಿಗೆ ಕಾವಲಿದ್ದವನು ರೊಸಾರೊ,
ಇಲೋಯ್ಲೊ ಕಡೆಯವನು.
ಟಾರ್ಚು ಆರಿಸಿಕೊಂಡು ಬಂದ.
ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಮಾತ್ರ ನನಗೆ ಗೊತ್ತಾಯಿತು.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ,
ಥರ್ಮಾಸಿನ ಸುಲೈಮಾನಿ ಹಂಚಿಕೊಂಡೆವು.
ಮರುವಾರ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದ.
ಮುಚ್ಚಳ ತೆಗೆದವನು ಹೋದ,
ನಾನಿನ್ನೂ ಪೆಟ್ಟಿಗೆಯೊಳಗೆ.

ಫಿಲ್ಮು ತೊಳೆದೆ. ಬೆಸುಗೆ ಸ್ವಚ್ಛ.
ಪಾಸು ಎಂದು ಬರೆದು ಸಹಿ ಹಾಕಿದೆ.

ಸಾರ್, ನಿಮ್ಮ ಬೋರ್ಡಿನ ಸಾವು ಬಲು ಸಲೀಸು:
ಸುತ್ತಿಗೆ, ಸೀಸೆ, ಮುಗಿಯಿತು.
ಇಲ್ಲಿ ಬೆಕ್ಕು ಮೈಮುರಿದು ಎದ್ದು ನಡೆದುಹೋಗುತ್ತದೆ.
ಎರಡು ವಾರ ಬಿಟ್ಟು
ಯಾವುದೋ ಕಂಟೇನರಿನ ನೆರಳಲ್ಲಿ, ಕೂದಲುದುರಿ...
ಚೀಲವೇ ಆಗಿದ್ದರೆ, ಚೀಲ.

ಟ್ಯೂನಾ ಡಬ್ಬಿಯ ಮುಚ್ಚಳದಲ್ಲಿ
ದಿನಾ ಮೆಸ್ಸಿನ ಹಿಂದೆ ಹಾಲಿಡುತ್ತೇನೆ.
ಸಂಜೆಗೆ ಖಾಲಿ.
ಆ ಬೆಕ್ಕೋ, ಬೇರೆ ಬೆಕ್ಕೋ, ಬಿಸಿಲೋ.
ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು ಅನ್ನುತ್ತಾರೆ;
ಇಲ್ಲಿ ಇಡುವವನದೇ ಕಣ್ಣು ಮುಚ್ಚಿದೆ.

ರೊಸಾರೊ ನಂಬರು ಫೋನಿನಲ್ಲಿದೆ.
ಕೆಲವು ರಾತ್ರಿ ಅವನ ಹೆಸರಿನ ಪಕ್ಕ
ಹಸಿರು ಚುಕ್ಕೆ ಹತ್ತುತ್ತದೆ.
ಫೋನನ್ನು ಬೋರಲು ಹಾಕಿ
ಪಾಳಿಗೆ ಹೊರಡುತ್ತೇನೆ.